ಗರ್ಭಕೋಶ ತೆಗೆಸುವ ಮೊದಲು ನೋವಿನ ಮೂಲ ತಿಳಿಯಲಿ

'ಮಕ್ಕಳೆಲ್ಲ ಆಯ್ತಲ್ಲ, ಇನ್ನು ಆ ಚೀಲ ಇಟ್ಕೊಂಡು ಏನು ಮಾಡ್ತೀಯವ್ವ? ತೆಗೆಸಿಬಿಡು, ನೋವೂ ಹೋಗುತ್ತೆ, ತಿಂಗಳ ತಾಪತ್ರಯವೂ ತಪ್ಪುತ್ತೆ.'

ಅರಸೀಕೆರೆಯ ಸಂತೆಯಲ್ಲಾಗಲಿ, ಬೇಲೂರಿನ ಬಸ್ ನಿಲ್ದಾಣದಲ್ಲಾಗಲಿ, ಹಳೇಬೀಡಿನ ಸುತ್ತಲ ಹಳ್ಳಿಗಳ ಜಗಲಿಯ ಮೇಲಾಗಲಿ ಇಂಥ ಮಾತು ಕಿವಿಗೆ ಬಿದ್ದರೆ ಯಾರೂ ಬೆರಗಾಗುವುದಿಲ್ಲ. ಹೇಳುವವರದು ಕೆಟ್ಟ ಮನಸ್ಸೇನಲ್ಲ. ವರ್ಷಗಟ್ಟಲೆ ಕಿಬ್ಬೊಟ್ಟೆ ಹಿಡಿದುಕೊಂಡು ನರಳುವ ಹೆಂಗಸಿಗೆ ಒಂದು ದಾರಿ ಸಿಕ್ಕಲಿ ಎಂಬ ಕಾಳಜಿ ಅದರಲ್ಲಿದೆ. ಆದರೆ ದಾರಿ ತೋರಿಸುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆ ನೋವು ನಿಜವಾಗಿಯೂ ಗರ್ಭಕೋಶದಿಂದಲೇ ಬರುತ್ತಿದೆಯೆ?

ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಸ್ತ್ರೀ ಸಂತಾನೋತ್ಪತ್ತಿ ವ್ಯೂಹದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂಕ ಪಡೆಯುತ್ತಾರೆ. ಅದೇ ಅಂಗದ ತೊಂದರೆಯಿಂದ ಮನೆಯಲ್ಲಿ ತಾಯಿ ಮಲಗಿದ್ದರೆ ಆ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಮನೆಯ ಹಿರಿಯರು, ನೆರೆಯವರು, ಗಂಡ ಎಲ್ಲರೂ ಅಭಿಪ್ರಾಯ ಹೇಳಿ ಮುಗಿದ ಮೇಲೆ ಕಟ್ಟಕಡೆಗೆ ಆಕೆಯ ಸರದಿ ಬರುತ್ತದೆ. ಇದು ನಾಚಿಕೆಯಿಂದ ಮುಚ್ಚಿಡುವ ವಿಷಯವಲ್ಲ. ಮನೆಮಂದಿಯೆಲ್ಲ ತಿಳಿದಿರಬೇಕಾದ ವಿಜ್ಞಾನ.

ಒಂದೇ ನಿಲ್ದಾಣ, ಹಲವು ರೈಲು

ಗರ್ಭಕೋಶ ತಲೆಕೆಳಗಾಗಿಟ್ಟ ಸಣ್ಣ ಸೀಬೆಹಣ್ಣಿನಂಥ ಒಂದು ಅಂಗ. ಉದ್ದ ಸುಮಾರು 7.5 ಸೆಂಟಿಮೀಟರ್. ಗೋಡೆಯೆಲ್ಲ ದಪ್ಪ ಸ್ನಾಯು, ಒಳಗೆ ತಿಂಗಳಿಗೊಮ್ಮೆ ಬೆಳೆದು ಕಳಚಿಹೋಗುವ ಒಳಪದರ. ಅದರ ಮುಂದೆ ಮೂತ್ರಕೋಶ, ಹಿಂದೆ ದೊಡ್ಡಕರುಳಿನ ಕೊನೆಯ ಭಾಗ, ಪಕ್ಕಗಳಲ್ಲಿ ಅಂಡಾಶಯಗಳು, ಕೆಳಗೆ ಇವೆಲ್ಲವನ್ನೂ ತೊಟ್ಟಿಲಿನಂತೆ ಹೊತ್ತಿರುವ ಸ್ನಾಯುಗಳು. ಇಷ್ಟೆಲ್ಲ ಇರುವುದು ಒಂದು ಬೊಗಸೆಯಷ್ಟು ಜಾಗದಲ್ಲಿ.

ಈ ಅಂಗಗಳಿಂದ ಹೊರಡುವ ನೋವಿನ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಅರಸೀಕೆರೆ ಜಂಕ್ಷನ್ನನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಕಡೆಯಿಂದ, ಹುಬ್ಬಳ್ಳಿಯ ಕಡೆಯಿಂದ, ಮೈಸೂರು-ಹಾಸನದ ಕಡೆಯಿಂದ ರೈಲುಗಳು ಬರುತ್ತವೆ. ನಿಲ್ದಾಣದ ಹೊರಬಾಗಿಲಲ್ಲಿ ನಿಂತವನಿಗೆ ಜನ ಕಾಣುತ್ತಾರೆಯೇ ಹೊರತು ಯಾರು ಯಾವ ರೈಲಿನಲ್ಲಿ ಬಂದರೆಂದು ತಿಳಿಯುವುದಿಲ್ಲ. ಮಿದುಳಿನ ಪಾಡೂ ಹೀಗೆಯೇ. 'ಕಿಬ್ಬೊಟ್ಟೆಯಲ್ಲಿ ನೋವು' ಎಂಬಷ್ಟು ಅದಕ್ಕೆ ಗೊತ್ತಾಗುತ್ತದೆ. ಗರ್ಭಕೋಶವೋ, ಕರುಳೋ, ಮೂತ್ರಕೋಶವೋ, ಸ್ನಾಯುವೋ ಎಂದು ಅದು ಖಚಿತವಾಗಿ ಹೇಳಲಾರದು.

ಇನ್ನೊಂದು ಸಂಗತಿಯೂ ಇದೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿಯುವ ಕಿಬ್ಬೊಟ್ಟೆಯ ನೋವನ್ನು ವೈದ್ಯರು ಸಾಮಾನ್ಯವಾಗಿ ದೀರ್ಘಕಾಲದ ನೋವು ಎನ್ನುತ್ತಾರೆ. ಇಷ್ಟು ಕಾಲ ನೋವು ಉಳಿದರೆ ನರಗಳೇ ಅತಿಸೂಕ್ಷ್ಮವಾಗಬಹುದು. ಆಗ ಮೂಲಕಾರಣ ಹೋದ ಮೇಲೂ ನೋವಿನ ಸಂಕೇತ ನಿಲ್ಲದೆ ಇರಬಹುದು. ಇಂಥ ನೋವು ಸುಳ್ಳಲ್ಲ, ನಟನೆಯೂ ಅಲ್ಲ. ಆದರೆ ಅದು ಕತ್ತರಿಗೆ ಸಿಗುವ ನೋವಲ್ಲ.

ಕಾರಣ ಬೇರೆ, ಚಿಕಿತ್ಸೆ ಬೇರೆ

ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುವ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಹೆರುವ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿ ಗರ್ಭಕೋಶವನ್ನಷ್ಟೇ ತೆಗೆದು ಹೊರಗಿನ ಅಂಗಾಂಶವನ್ನು ಹಾಗೆಯೇ ಬಿಟ್ಟರೆ ನೋವು ಮುಂದುವರಿಯಬಹುದು. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಇದು ಯಾವಾಗಲೂ ಕಾಣುವುದಿಲ್ಲ ಎಂಬುದೂ ತಿಳಿದಿರಲಿ.

ಅದೇ ಪದರ ಗರ್ಭಕೋಶದ ಸ್ನಾಯುವಿನ ಒಳಕ್ಕೇ ಇಳಿದರೆ ಅಡೆನೊಮಯೋಸಿಸ್. ಮುಟ್ಟಿನಲ್ಲಿ ವಿಪರೀತ ನೋವು, ವಿಪರೀತ ರಕ್ತಸ್ರಾವ. ಮೊದಲು ಮಾತ್ರೆ ಅಥವಾ ಹಾರ್ಮೋನು ಬಿಡುಗಡೆ ಮಾಡುವ, ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನವನ್ನು ಪ್ರಯತ್ನಿಸುತ್ತಾರೆ. ಅದರಿಂದ ಗುಣ ಕಾಣದೆ, ಇನ್ನು ಮಕ್ಕಳೂ ಬೇಡವೆಂದಾದರೆ ಗರ್ಭಕೋಶ ತೆಗೆಯುವುದರಿಂದ ನಿಜವಾದ ಬಿಡುಗಡೆ ಸಿಗುತ್ತದೆ. ನಾರುಗಡ್ಡೆಗಳು, ಎಂದರೆ ಫೈಬ್ರಾಯ್ಡ್‌ಗಳು, ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಸಣ್ಣವಿದ್ದು ತೊಂದರೆ ಕೊಡದಿದ್ದರೆ ಮುಟ್ಟುವ ಅಗತ್ಯವೇ ಇಲ್ಲ.

ಬಿಳಿಸೆರಗು, ಜ್ವರ, ಸಂಭೋಗದಲ್ಲಿ ನೋವು ಇದ್ದರೆ ಸೋಂಕಿನ ಶಂಕೆ ಬರುತ್ತದೆ. ಅದಕ್ಕೆ ಔಷಧಿ ಇದೆ. ನಮ್ಮ ದೇಶದಲ್ಲಿ ಗರ್ಭನಾಳ, ಗರ್ಭಕೋಶಗಳಿಗೆ ಕ್ಷಯ ತಗಲುವುದೂ ಉಂಟು. ಅದರ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಊಟವಾದ ಮೇಲೆ ಹೊಟ್ಟೆಯುಬ್ಬರ, ಮಲಬದ್ಧತೆ, ಭೇದಿಗಳ ಜೊತೆ ಬರುವ ನೋವು ಕರುಳಿನದಿರಬಹುದು. ಮೂತ್ರ ತುಂಬಿದಾಗ ಹೆಚ್ಚಿ, ಹೋದ ಮೇಲೆ ತಗ್ಗುವ ನೋವು ಮೂತ್ರಕೋಶದ್ದಿರಬಹುದು. ಕೊಡ ಹೊತ್ತು, ಹುಲ್ಲಿನ ಹೊರೆ ಹೊತ್ತು, ದಿನವಿಡೀ ಬಗ್ಗಿ ಕಳೆ ಕಿತ್ತವರಿಗೆ ಸ್ನಾಯು ಮತ್ತು ಸೊಂಟದ ನೋವು ಬಂದರೆ ಆಶ್ಚರ್ಯವೇನು? ಇವುಗಳಿಗೆ ಗರ್ಭಕೋಶ ತೆಗೆದರೆ ಗಾಯವೊಂದು ಹೆಚ್ಚಾಗುತ್ತದೆ, ಮೂಲ ನೋವು ಇದ್ದಲ್ಲೇ ಇರುತ್ತದೆ.

1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಉಪಯುಕ್ತ. ದೀರ್ಘಕಾಲದ ಕಿಬ್ಬೊಟ್ಟೆ ನೋವಿಗಾಗಿ ಗರ್ಭಕೋಶ ತೆಗೆಸಿಕೊಂಡ 308 ಮಹಿಳೆಯರನ್ನು ಒಂದು ವರ್ಷದ ನಂತರ ವಿಚಾರಿಸಲಾಯಿತು. ಶೇಕಡ 74 ಮಂದಿಗೆ ನೋವು ಪೂರ್ತಿ ಹೋಗಿತ್ತು. ಶೇಕಡ 21 ಮಂದಿಗೆ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಶೇಕಡ 5 ಮಂದಿಗೆ ಹಾಗೆಯೇ ಇತ್ತು ಅಥವಾ ಹೆಚ್ಚಾಗಿತ್ತು. ನೋವು ಉಳಿಯುವ ಸಂಭವ ಹೆಚ್ಚಾಗಿ ಕಂಡದ್ದು ಕಿರಿಯ ವಯಸ್ಸಿನವರಲ್ಲಿ ಮತ್ತು ಕಿಬ್ಬೊಟ್ಟೆಯಲ್ಲಿ ಯಾವ ಕಾಯಿಲೆಯೂ ಪತ್ತೆಯಾಗದಿದ್ದವರಲ್ಲಿ. ಶಸ್ತ್ರಚಿಕಿತ್ಸೆ ಕೆಟ್ಟದ್ದಲ್ಲ, ಕಾರಣ ತಿಳಿಯದೆ ಮಾಡಿಸುವುದು ಕೆಟ್ಟದ್ದು ಎಂಬುದು ಇದರಿಂದ ಸ್ಪಷ್ಟ.

ಹತ್ತಿರದಲ್ಲೇ ನಡೆದದ್ದು

ಅರಸೀಕೆರೆಯಿಂದ ರೈಲು ಹತ್ತಿದರೆ ಕಡೂರು ದಾಟಿ ಸಿಗುವ ಊರು ಬೀರೂರು. ಅಲ್ಲಿನ ಸುತ್ತಮುತ್ತಲ ತಾಂಡಾಗಳ ಮತ್ತು ದಲಿತ ಕೇರಿಗಳ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರು 2010ರ ದಶಕದಲ್ಲಿ ಎದ್ದಿತ್ತು. 2015ರಲ್ಲಿ ಕಲಬುರಗಿಯಲ್ಲಿ ಇದೇ ವಿಷಯ ದೊಡ್ಡ ಹೋರಾಟವಾಯಿತು. ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದ ಲಂಬಾಣಿ ಮತ್ತು ದಲಿತ ಮಹಿಳೆಯರು ಗರ್ಭಕೋಶ ಕಳೆದುಕೊಂಡು ಬಂದಿದ್ದರು. 'ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ' ಎಂದು ತಮ್ಮನ್ನು ಹೆದರಿಸಿದ್ದಾಗಿ ಹಲವರು ದೂರಿದರು. ಅವರಲ್ಲಿ ಅನೇಕರು ಇನ್ನೂ ನಲವತ್ತು ದಾಟದವರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ವಿಷಯದಲ್ಲೂ ಇಂಥ ಸುದ್ದಿಯೇ ಬಂತು. ಮುಟ್ಟಿನ ದಿನಗಳಲ್ಲಿ ರಜೆ ಹಾಕಿದರೆ ಕೂಲಿ ಹೋಗಿ ದಂಡವೂ ಬೀಳುವ ಕಡೆ, ಗರ್ಭಕೋಶವೇ ಅವರಿಗೆ ಭಾರವಾಗಿತ್ತು.

ಕಳೆದುಕೊಳ್ಳುವುದೇನು? ಗರ್ಭಕೋಶವಷ್ಟೇ ಹೋದರೆ ಮುಟ್ಟು ನಿಲ್ಲುತ್ತದೆ, ಮಕ್ಕಳಾಗುವುದಿಲ್ಲ. ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಹಾರ್ಮೋನುಗಳ ಮೂಲವೇ ಬತ್ತುತ್ತದೆ. ಮೂವತ್ತೈದರ ಹೆಂಗಸು ಒಂದೇ ದಿನದಲ್ಲಿ ಮುಟ್ಟು ನಿಂತವರ ಸ್ಥಿತಿಗೆ ಬರುತ್ತಾಳೆ. ಮೈ ಬಿಸಿಯೇರಿ ಬೆವರುವುದು, ನಿದ್ರೆ ಕೆಡುವುದು ಕೂಡಲೇ ಶುರುವಾಗಬಹುದು. ವರ್ಷಗಳು ಕಳೆದಂತೆ ಮೂಳೆ ಸವೆಯುವ, ಹೃದಯರೋಗ ಬರುವ ಅಪಾಯವೂ ಹೆಚ್ಚು. ಆದ್ದರಿಂದ 'ಗರ್ಭಕೋಶ ಮಾತ್ರವೋ, ಅಂಡಾಶಯವೂ ಸೇರಿಯೋ' ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ಒಪ್ಪಿಗೆ ಯಾರದು?

2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ದೆಹಲಿಯ 44 ವರ್ಷದ ಮಹಿಳೆಯೊಬ್ಬರು ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಕೇಳಿ ಅವರ ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಗಿತ್ತು. ಜೀವಕ್ಕೆ ಕೂಡಲೇ ಅಪಾಯವಿಲ್ಲದಾಗ ವಯಸ್ಕ ರೋಗಿಯ ಬದಲು ಬೇರೆಯವರು ಕೊಡುವ ಒಪ್ಪಿಗೆ ಸಲ್ಲದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ ಎಂದು ನ್ಯಾಯಾಲಯ ಹೇಳಿತು. ತಾಯಿಯ ಸಹಿಯೇ ಸಾಲದೆಂದ ಮೇಲೆ ಗಂಡನ, ಮಗನ ಸಹಿಯ ಮಾತೇನು?

ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೂ ಸೂಚಿಸಿತು.

ಹಾಗಾದರೆ ಮನೆಯವರು ಮಾಡಬೇಕಾದ್ದೇನು? ಮೊದಲು, ಎರಡು ಮೂರು ತಿಂಗಳ ಕಾಲ ನೋವಿನ ಲೆಕ್ಕ ಬರೆದಿಡುವುದು. ಯಾವ ದಿನ ಬಂತು, ಮುಟ್ಟಿಗೆ ಮುಂಚೆಯೋ ಆಮೇಲೋ, ಊಟಕ್ಕೆ, ಮೂತ್ರಕ್ಕೆ, ಕೆಲಸಕ್ಕೆ ಸಂಬಂಧವಿದೆಯೋ? ತಾಯಿಗೆ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗನೋ ಮಗಳೋ ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದು. ವೈದ್ಯರಿಗೆ ಇದು ಸ್ಕ್ಯಾನಿಂಗ್ ವರದಿಯಷ್ಟೇ ಬೆಲೆಬಾಳುವ ಕಾಗದ. ಎರಡನೆಯದಾಗಿ, ಕೆಲವು ಪ್ರಶ್ನೆಗಳನ್ನು ಕೇಳುವುದು. ಕಾಯಿಲೆಯ ಹೆಸರೇನು? ಅದು ಯಾವ ಪರೀಕ್ಷೆಯಿಂದ ಗೊತ್ತಾಯಿತು? ಔಷಧಿಯಿಂದ ಗುಣವಾಗದೆ? ಕಾದು ನೋಡಿದರೆ ಅಪಾಯವೇ? ಕ್ಯಾನ್ಸರ್ ಶಂಕೆಯಿದ್ದರೆ ಅದರ ಪರೀಕ್ಷಾ ವರದಿ ಎಲ್ಲಿ? ಮೂರನೆಯದಾಗಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಅರಸೀಕೆರೆ, ಬೇಲೂರು, ಹಳೇಬೀಡು ಮೂರಕ್ಕೂ ಬಸ್ಸಿನ ದೂರದಲ್ಲೇ ಇದೆ.

ಹಾಗೆಂದು ಹೆದರಿ ದೂರ ಉಳಿಯುವುದೂ ಸರಿಯಲ್ಲ. ಕ್ಯಾನ್ಸರ್ ಖಚಿತವಾದಾಗ, ಔಷಧಿಗೆ ನಿಲ್ಲದ ರಕ್ತಸ್ರಾವದಿಂದ ಮೈಯ ರಕ್ತವೇ ಇಳಿದುಹೋದಾಗ, ಗರ್ಭಕೋಶ ಪೂರ್ತಿ ಜಾರಿದಾಗ, ಅಡೆನೊಮಯೋಸಿಸ್ ಬದುಕನ್ನೇ ಹಿಂಡಿದಾಗ ಈ ಶಸ್ತ್ರಚಿಕಿತ್ಸೆ ವರವೇ ಸರಿ. ಆಗ 'ಕೊಬ್ಬರಿ ಮಾರಾಟ ಆಗಲಿ', 'ಮಗನ ಎಸ್ಸೆಸ್ಸೆಲ್ಸಿ ಮುಗಿಯಲಿ' ಎಂದು ಮುಂದೂಡಬಾರದು. ಆದ ಮೇಲೆ ಸುಮಾರು ಆರು ವಾರ ಭಾರ ಎತ್ತಬಾರದು. ಆ ಆರು ವಾರ ಕೊಡವನ್ನೂ ಹುಲ್ಲಿನ ಹೊರೆಯನ್ನೂ ಯಾರು ಹೊರುತ್ತಾರೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿರಲಿ.

ಕೊನೆಯದಾಗಿ ಹೆಣ್ಣುಮಕ್ಕಳ ತಂದೆ-ತಾಯಿಯರಿಗೆ ಒಂದು ಮಾತು. ಪ್ರತಿ ತಿಂಗಳೂ ಮುಟ್ಟಿನ ನೋವಿನಿಂದ ಮಗಳು ಶಾಲೆ ತಪ್ಪಿಸುತ್ತಿದ್ದರೆ 'ಹೆಣ್ಣಾದ ಮೇಲೆ ತಡೆದುಕೊಳ್ಳಬೇಕು' ಎನ್ನಬೇಡಿ. ಎಂಡೊಮೆಟ್ರಿಯೋಸಿಸ್ ಹದಿಹರೆಯದಲ್ಲೇ ಆರಂಭವಾಗಬಹುದು. ಹದಿನೈದರಲ್ಲಿ ವೈದ್ಯರಿಗೆ ತೋರಿಸಿದ ನೋವಿಗೆ ಮಾತ್ರೆಗಳಲ್ಲೇ ಪರಿಹಾರ ಸಿಗಬಹುದು. ಅದನ್ನೇ ಇಪ್ಪತ್ತು ವರ್ಷ ಅಲಕ್ಷಿಸಿದರೆ, ಮುಂದೊಂದು ದಿನ ಅವಳೂ ಜಗಲಿಯ ಮೇಲೆ ಕುಳಿತು ನೆರೆಯವರಿಂದ ಆ ಉಪದೇಶವನ್ನೇ ಕೇಳಬೇಕಾದೀತು.