ನಿರ್ಲಕ್ಷ್ಯ ಎಂಬ ಸೋಮಾರಿ ಪದ

ಐಸಿಯುವಿನಲ್ಲಿ ಔಷಧ ಹೆಚ್ಚುಕಮ್ಮಿಯಾಗಿ ರೋಗಿ ಸತ್ತರೆ ತಲೆಬರಹಕ್ಕೆ ಯೋಚಿಸಬೇಕಾಗಿಲ್ಲ, ಅಚ್ಚು ಸಿದ್ಧವಾಗಿಯೇ ಇರುತ್ತದೆ: ನರ್ಸ್ ನಿರ್ಲಕ್ಷ್ಯ, ರೋಗಿ ಸಾವು. ಹಿಂದಿಯವರಿಗೆ ಲಾಪರವಾಹಿ, ಮರಾಠಿಯವರಿಗೆ ಹಲಗರ್ಜೀಪಣಾ, ತಮಿಳರಿಗೆ ಅಲಟ್ಚಿಯಂ. ಎಲ್ಲ ಭಾಷೆಯಲ್ಲೂ ಅರ್ಥ ಒಂದೇ: ಯಾರೋ ಲಕ್ಷ್ಯ ಕೊಡಲಿಲ್ಲ. ಪದಗಳನ್ನು ತೂಗಿ ಹೊಟ್ಟೆ ಹೊರೆಯುವವಳು ನಾನು. ಸೆಂಟ್ರಲ್ ಲೈನಿನ ವಿಷಯದಲ್ಲಿ ಈ ಪದ ಬಹಳ ಸಲ ಸುಳ್ಳು ಹೇಳುತ್ತದೆ ಎಂಬುದು ನನ್ನ ತಕರಾರು.

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಕಾದವರಿಗೂ ಒಳಗೆ ಏನು ನಡೆಯುತ್ತದೆಂದು ಸರಿಯಾಗಿ ಗೊತ್ತಿರುವುದಿಲ್ಲ. ಕುತ್ತಿಗೆಯಲ್ಲೋ ಕಾಲರ್ ಎಲುಬಿನ ಕೆಳಗೋ ತೊಡೆಸಂದಿಯಲ್ಲೋ ಇರುವ ದೊಡ್ಡ ಅಭಿಧಮನಿಗೆ ಒಂದು ತೆಳ್ಳನೆಯ ಕೊಳವೆ ಇಳಿಸುತ್ತಾರೆ. ಕುತ್ತಿಗೆಯಿಂದ ಇಳಿಸಿದ್ದರೆ ಅದರ ತುದಿ ಹೃದಯದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಹೊರಗೆ ಸಾಮಾನ್ಯವಾಗಿ ಮೂರು ಬಾಲ, ಒಳಗೆ ಮೂರು ಪ್ರತ್ಯೇಕ ದಾರಿ. ದಾರಿಯನ್ನು ಲ್ಯೂಮೆನ್ ಎನ್ನುತ್ತಾರೆ. ಈಗ ಸೆಪ್ಸಿಸ್ ಆಗಿ ವೆಂಟಿಲೇಟರಿನಲ್ಲಿರುವ ಒಬ್ಬರಿಗೆ ಹೋಗಬಹುದಾದ ಔಷಧ ಎಣಿಸಿ: ನೊರ್‌ಅಡ್ರಿನಲಿನ್, ವಾಸೊಪ್ರೆಸಿನ್, ಮಿಡಜೋಲಂ, ಫೆಂಟನಿಲ್, ಇನ್ಸುಲಿನ್, ಪೊಟ್ಯಾಶಿಯಂ, ಎರಡು ಆಂಟಿಬಯೊಟಿಕ್, ಪ್ಯಾಂಟೊಪ್ರಜೋಲ್. ಒಂಬತ್ತು ಔಷಧ, ಮೂರು ಬಾಗಿಲು. ಲೆಕ್ಕ ಕೂಡುವುದಿಲ್ಲ. ಆದ್ದರಿಂದ ಥ್ರೀ-ವೇ ಸಿಕ್ಕಿಸುತ್ತಾರೆ, ಅದರ ಮೇಲೊಂದು ಥ್ರೀ-ವೇ, ಅದಕ್ಕೊಂದು ಎಕ್ಸ್‌ಟೆನ್ಷನ್.

ಅಪಾಯ ಎಲ್ಲಿದೆ ಎಂದು ತಿಳಿಯಲು ಮೂರನೇ ಕ್ಲಾಸಿನ ಗಣಿತ ಸಾಕು. ಒಂದು ಲ್ಯೂಮೆನಿನೊಳಗೆ ಸುಮಾರು 0.4 ಮಿಲಿಲೀಟರ್ ದ್ರವ ಹಿಡಿಯುತ್ತದೆ. ನೊರ್‌ಅಡ್ರಿನಲಿನ್ ಗಂಟೆಗೆ 2 ಮಿಲಿಲೀಟರ್ ವೇಗದಲ್ಲಿ ಹೋಗುತ್ತಿದ್ದರೆ, ಆ 0.4 ಎಂದರೆ ಹನ್ನೆರಡು ನಿಮಿಷದ ಔಷಧ. ಅದೇ ಬಾಲಕ್ಕೆ ಯಾರೋ ಆಂಟಿಬಯೊಟಿಕ್ ತುಂಬಿದ ಸಿರಿಂಜ್ ಹಚ್ಚಿ ಒತ್ತಿದರೆ ಹನ್ನೆರಡು ನಿಮಿಷದ್ದು ಕೆಲವೇ ಸೆಕೆಂಡಿನಲ್ಲಿ ಹೃದಯಕ್ಕೆ ನುಗ್ಗುತ್ತದೆ. ಬಿಪಿ ಛಂಗನೆ ಮೇಲೇರುತ್ತದೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಈಗ ಲ್ಯೂಮೆನಿನ ತುಂಬ ಆಂಟಿಬಯೊಟಿಕ್ ಇದೆ, ಪಂಪ್ ತಳ್ಳುವ ನೊರ್‌ಅಡ್ರಿನಲಿನ್ ರಕ್ತ ಮುಟ್ಟಲು ಮತ್ತೆ ಹನ್ನೆರಡು ನಿಮಿಷ ಬೇಕು. ರಕ್ತದಲ್ಲಿ ಆ ಔಷಧದ ಆಯುಸ್ಸು ನಿಮಿಷಗಳ ಲೆಕ್ಕದ್ದು. ಏರಿದ ಬಿಪಿ ಕುಸಿಯುತ್ತದೆ. ಒತ್ತಿದ ಔಷಧ ಸರಿ, ಡೋಸ್ ಸರಿ, ರೋಗಿ ಸರಿ, ಹೊತ್ತೂ ಸರಿ. ಬಾಲ ಮಾತ್ರ ಬೇರೆ. ಇಲ್ಲಿ ಲಕ್ಷ್ಯ ಕೊಡದವರು ಯಾರು?

ಇನ್ನು ಔಷಧ ಔಷಧಗಳ ಜಗಳ. ಮಿಡಜೋಲಂ ಆಮ್ಲೀಯ ದ್ರವದಲ್ಲಿ ಮಾತ್ರ ಕರಗಿರುತ್ತದೆ. ಕ್ಷಾರೀಯವಾದ ಫ್ಯೂರೊಸಮೈಡ್ ಅದೇ ಟ್ಯೂಬಿನಲ್ಲಿ ಎದುರಾದರೆ ಹಾಲಿನಂತೆ ಒಡೆಯುತ್ತದೆ. ಫೆನಿಟಾಯಿನ್ ಡೆಕ್ಸ್‌ಟ್ರೋಸ್ ಜೊತೆ ಸೇರಿದರೆ ಹರಳುಗಟ್ಟುತ್ತದೆ. ಕ್ಯಾಲ್ಸಿಯಂ ಮತ್ತು ಸೋಡಿಯಂ ಬೈಕಾರ್ಬೊನೇಟ್ ಸೇರಿದರೆ ಆಗುವುದು ಸೀಮೆಸುಣ್ಣದ ಪುಡಿಯೇ. ಬೇರೆ ಬೇರೆ ಲ್ಯೂಮೆನಿನಲ್ಲಿ ಹೋದರೆ ಇವು ಭೇಟಿಯಾಗುವುದು ಜೋರಾಗಿ ಹರಿಯುವ ರಕ್ತದಲ್ಲಿ, ಆ ಹೊತ್ತಿಗೆ ತೆಳುವಾಗಿರುತ್ತವೆ. ಥ್ರೀ-ವೇಯಲ್ಲಿ ಭೇಟಿಯಾದರೆ ಗಟ್ಟಿಯಾಗಿಯೇ ಭೇಟಿಯಾಗುತ್ತವೆ, ಹರಳು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. 1994ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಬೇಕಾಯಿತು: ರಕ್ತನಾಳದ ಮೂಲಕ ಕೊಡುವ ಪೋಷಕಾಂಶದ ಚೀಲದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಗಟ್ಟಿಯಾಗಿ ಇಬ್ಬರು ಸತ್ತಿದ್ದರು. ಅದು ಬಿಳಿಯ ಮಿಶ್ರಣ, ಹರಳು ಕಣ್ಣಿಗೆ ಬೀಳುವುದೇ ಕಷ್ಟ. ದಿಟ್ಟಿಸಿ ನೋಡಿದ್ದರೂ ಅಷ್ಟೇ.

ಹೋದ ವರ್ಷ ಒಂದು ಸಂಸ್ಥೆ ನರ್ಸುಗಳ ತರಬೇತಿಗೆಂದು ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರಲು ನನಗೆ ಕೊಟ್ಟಿತು. ‘ಎಚ್ಚರಿಕೆಯಿಂದ’, ‘ಗಮನವಿಟ್ಟು’, ‘ಜಾಗರೂಕತೆಯಿಂದ’ ಎಂದು ಹನ್ನೊಂದು ಸಲ ಬಂದಿತ್ತು. ಯಾವ ಔಷಧ ಯಾವ ಲ್ಯೂಮೆನಿಗೆ ಎಂದು ಒಂದು ಸಲವೂ ಇರಲಿಲ್ಲ. ಕೇಳಿದ್ದಕ್ಕೆ, ಅದು ನಿಮ್ಮ ಕೆಲಸವಲ್ಲ ಎಂಬ ಉತ್ತರ ಬಂತು. ಸರಿ, ನನ್ನ ಕೆಲಸದ್ದನ್ನೇ ಹೇಳುತ್ತೇನೆ.

ಈ ಬಾಲಗಳ ಮೇಲೆ ಬರೆದಿರುವ ‘ಪ್ರಾಕ್ಸಿಮಲ್’, ‘ಡಿಸ್ಟಲ್’ ಪದಗಳನ್ನೇ ತೆಗೆದುಕೊಳ್ಳಿ. ಪ್ರಾಕ್ಸಿಮಲ್ ಎಂದರೆ ಹತ್ತಿರದ್ದು. ಯಾವುದಕ್ಕೆ ಹತ್ತಿರ? ಹೃದಯಕ್ಕೆ ಎಂದು ತಿಳಿದರೆ ಕೆಟ್ಟಿರಿ. ಕೊಳವೆಯ ತುದಿಯಲ್ಲಿ, ಅಂದರೆ ಹೃದಯದ ಬಳಿ, ತೆರೆದುಕೊಳ್ಳುವುದು ಡಿಸ್ಟಲ್. ಮಾತಾಡುವವರು ನಿಂತ ಜಾಗ ತಿಳಿಯದೆ ಅರ್ಥ ತಿಳಿಯದ ಪದಗಳಿವು, ‘ಈಚೆ’, ‘ಆಚೆ’ಯ ಹಾಗೆ. ಇನ್ನು ಬಣ್ಣ. ಬಹಳ ಕಡೆ ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ನೀಲಿ ಎಂದರೆ ನಡುವಿನ ಲ್ಯೂಮೆನ್. ಥ್ರೀ-ವೇಯಲ್ಲಿ ನೀಲಿ ಎಂದರೆ ಅಭಿಧಮನಿ, ಕೆಂಪು ಎಂದರೆ ಅಪಧಮನಿ. ಅರಿವಳಿಕೆಯ ಸಿರಿಂಜ್ ಲೇಬಲಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ ನೀಲಿ ಎಂದರೆ ಫೆಂಟನಿಲ್ ತರಹದ ಓಪಿಯಾಯ್ಡ್. ಒಂದು ಹಾಸಿಗೆ, ಒಂದು ಬಣ್ಣ, ಮೂರು ಅರ್ಥ. ಇದರ ಮೇಲೆ ಮೈಕ್ರೋಪೋರ್ ಟೇಪಿನಲ್ಲಿ ಬಾಲ್‌ಪೆನ್ನಿನಿಂದ ಗೀಚಿದ ‘ಎನ್‌ಎ’. ನೊರ್‌ಅಡ್ರಿನಲಿನ್ನೋ, ಸೋಡಿಯಮ್ಮೋ? ಸಂಕೇತಕ್ಕೂ ಅರ್ಥಕ್ಕೂ ಸಹಜ ನಂಟಿಲ್ಲ, ಇರುವುದು ಸಮುದಾಯದ ಒಪ್ಪಂದ ಮಾತ್ರ ಎಂಬುದು ಎಂಎ ಮೊದಲ ವಾರದ ಪಾಠ. ಇಲ್ಲಿ ಒಪ್ಪಂದವೇ ಆಗಿಲ್ಲ. ಆಗದ ಒಪ್ಪಂದವನ್ನು ಮುರಿದಳೆಂದು ರಾತ್ರಿಪಾಳಿಯ ಹುಡುಗಿಯ ಮೇಲೆ ಆರೋಪ.

ಎಚ್ಚರದ ಬೋಧನೆ ಕೈಕೊಟ್ಟ ಕಡೆ ಆಕಾರ ಕೆಲಸ ಮಾಡಿದ್ದುಂಟು. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಅಭಿಧಮನಿಗೆ ಮಾತ್ರ ಹೋಗಬೇಕು. ಬೆನ್ನುಹುರಿಯ ದ್ರವಕ್ಕೆ ಹೋದರೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. 2001ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹದಿನೆಂಟರ ಹುಡುಗನೊಬ್ಬ ಹಾಗೆಯೇ ಸತ್ತ. ಅಂಥ ಸಾವು ಅದೇ ಮೊದಲಲ್ಲ. ಯಾವ ಸಿರಿಂಜಾದರೂ ಯಾವ ಸೂಜಿಗಾದರೂ ಕೂರುವ ಲೂಯರ್ ಜೋಡಣೆಯೇ ದಾರಿ ಮಾಡಿಕೊಟ್ಟಿತ್ತು. ವಿನ್‌ಕ್ರಿಸ್ಟಿನ್ನನ್ನು ಸಿರಿಂಜಿನಲ್ಲಿ ಬೇಡ, ಸಣ್ಣ ಚೀಲದಲ್ಲಿ ಕೊಡಿ ಎಂದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಮೇಲೆ ಬೆನ್ನಿನ ಚುಚ್ಚುಮದ್ದಿಗೇ ಬೇರೆ ಅಳತೆಯ ಜೋಡಣೆ ಬಂತು, ಲೂಯರ್ ಅದಕ್ಕೆ ಕೂರುವುದಿಲ್ಲ. ಸೆಂಟ್ರಲ್ ಲೈನಿನ ಮೂರು ಬಾಲಗಳಿಗೆ ಈ ಉಪಾಯ ಸಲ್ಲದು. ಮೂರೂ ಅಭಿಧಮನಿಗೇ ಹೋಗುವಂಥವು, ಮೂರಕ್ಕೂ ಒಂದೇ ಬಾಯಿ. ಲ್ಯೂಮೆನ್ ಹೆಚ್ಚಿಸೋಣವೆಂದರೆ ಅದೂ ಸಲೀಸಲ್ಲ, ಸೋಂಕಿನ ಭಯದಿಂದ ಅಗತ್ಯಕ್ಕಿಂತ ಹೆಚ್ಚು ಬೇಡವೆನ್ನುತ್ತಾರೆ. ಹಾಗಾಗಿ ಇಲ್ಲಿ ನಡುವೆ ನಿಲ್ಲಬಹುದಾದ ಗೋಡೆಯೆಂದರೆ ಅಕ್ಷರ.

ಬೇಕಾದದ್ದು ದೊಡ್ಡ ಬಂಡವಾಳವಲ್ಲ. ಬಿಪಿ ಹಿಡಿದಿಡುವ ಔಷಧಕ್ಕೆ ಒಂದು ಲ್ಯೂಮೆನ್ ಮೀಸಲು, ಅದರಲ್ಲಿ ಯಾವ ಸಿರಿಂಜೂ ಒತ್ತುವಂತಿಲ್ಲ, ಒತ್ತಲು ಅಲ್ಲಿ ಥ್ರೀ-ವೇಯೇ ಇರಬಾರದು. ಪೂರ್ತಿ ಹೆಸರು ಅಚ್ಚಾದ ಲೇಬಲ್ ಪಂಪಿನ ತುದಿಯಲ್ಲೂ ಚರ್ಮದ ತುದಿಯಲ್ಲೂ. ಪಾಳಿ ಬದಲಾಗುವಾಗ ಇಬ್ಬರು ಸೇರಿ ಪಂಪಿನಿಂದ ಚರ್ಮದವರೆಗೆ ಟ್ಯೂಬನ್ನು ಕೈಯಲ್ಲೇ ಹಿಡಿದು ಸವರಿ ನೋಡುವುದು. ಯಾವುದರ ಜೊತೆ ಯಾವುದು ಕೂಡದು ಎಂಬ ಪಟ್ಟಿ ಗೋಡೆಯ ಮೇಲೆ. ಅದನ್ನು ಮಾಡಿಕೊಡಬಲ್ಲ ಫಾರ್ಮ್.ಡಿ ಓದಿದವರು ನಮ್ಮಲ್ಲಿದ್ದಾರೆ, 2008ರಿಂದ ಆ ಕೋರ್ಸ್ ಇದೆ. ಹೃದಯ ನಿಂತವರನ್ನು ಬದುಕಿಸುವ ಗಡಿಬಿಡಿಯಲ್ಲಿ ಯಾರು ಲೇಬಲ್ ಬರೆಯುತ್ತಾರೆ ಎಂದು ಡಾಕ್ಟರ್ ಗೆಳತಿ ಕೇಳಿದಳು. ನ್ಯಾಯವೇ. ಅದಕ್ಕೇ ಗಡಿಬಿಡಿಗೆ ಮೊದಲೇ ಅಚ್ಚಾಗಿರಬೇಕು ಅನ್ನುವುದು. ಲಕ್ಷಗಟ್ಟಲೆ ಬಿಲ್ ಮಾಡುವ ಐಸಿಯುಗೆ ಸ್ಟಿಕ್ಕರಿನ ರೋಲ್ ಭಾರವಾಗುತ್ತದೆಂದರೆ ನಾನು ನಂಬುವುದಿಲ್ಲ.

ಈ ಪದದ ಜಗಳ ಕೋರ್ಟಿಗೂ ಹೋಗುತ್ತದೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವೈದ್ಯಕೀಯದಲ್ಲಿ ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯವೇ ಆಗಿರಬೇಕು, ಬರೀ ತಪ್ಪು ಸಾಲದು ಎಂದಿತು. ತಲೆಬರಹಗಳಿಗೆ ಆ ವ್ಯತ್ಯಾಸ ಇನ್ನೂ ತಲುಪಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಓದಿ. ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಜೈಲು. ಚಿಕಿತ್ಸೆ ನೀಡುವಾಗ ನೋಂದಾಯಿತ ವೈದ್ಯರಿಂದ ಆದರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರೆಂದರೆ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರು ಎಂದು ಅಲ್ಲೇ ವಿವರಿಸಿದೆ. ನರ್ಸಿನ ಹೆಸರು ಆ ರಿಜಿಸ್ಟರಿನಲ್ಲಿ ಇರುವುದಿಲ್ಲ. ಹಳೆಯ 304ಎ ಕಲಂನಲ್ಲಿ ಎಲ್ಲರಿಗೂ ಎರಡೇ ವರ್ಷವಿತ್ತು.