ಆಷಾಢಕ್ಕೂ ಬಾಡಿಗೆ ಕೇಳುವ ಸಾಫ್ಟ್‌ವೇರ್

ಆಷಾಢ ಬಂತೆಂದರೆ ಹೊಸಪೇಟೆಯ ಫೋಟೊ ಸ್ಟುಡಿಯೋಗಳಲ್ಲಿ ಪಾಸ್‌ಪೋರ್ಟ್ ಫೋಟೊ, ಬಾಕಿ ಉಳಿದ ಆಲ್ಬಂ ಬಿಟ್ಟರೆ ಹೇಳಿಕೊಳ್ಳುವ ಕೆಲಸವಿರುವುದಿಲ್ಲ. ಪಿತೃಪಕ್ಷ, ಧನುರ್ಮಾಸದಲ್ಲೂ ಹಾಗೆಯೇ. ಕಂಪ್ಲಿ ಕಡೆ ಭತ್ತ ಕೈಗೆ ಬಂದು ಮದುವೆಗಳು ಗೊತ್ತಾದರೆ ಮಾತ್ರ ಉಸಿರಾಡಲೂ ಬಿಡುವಿಲ್ಲ. ಸಂಡೂರಿನಲ್ಲಿ ಕಾಸು ಓಡಾಡುವುದು ಗಣಿಯನ್ನು ನಂಬಿ. ಹೀಗೆ ಏರಿಳಿಯುವ ದುಡಿಮೆಯ ಮೇಲೆ ತಿಂಗಳು ತಪ್ಪದ ಚಂದಾ ಬಂದು ಕೂತಿರುವುದೇ ನನ್ನ ತಕರಾರು.

2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ, ಫೋಟೊಶಾಪ್‌ನ ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಘೋಷಿಸಿತು. ಒಮ್ಮೆ ದುಡ್ಡು ಕೊಟ್ಟು ನಮ್ಮದಾಗಿಸಿಕೊಳ್ಳಬಹುದಾಗಿದ್ದ ಕೊನೆಯದು ಸಿಎಸ್6. ಲೈಟ್‌ರೂಮ್ ಕೂಡ ಆರನೇ ಆವೃತ್ತಿಯ ನಂತರ ಅದೇ ದಾರಿ ಹಿಡಿಯಿತು. ಇಷ್ಟಾದರೂ ನಮ್ಮ ಕಡೆ ಗಲಾಟೆ ಆಗಲಿಲ್ಲವೆಂದರೆ, ಕ್ರ್ಯಾಕ್ ಮಾಡಿದ ಪ್ರತಿ ಸಲೀಸಾಗಿ ಸಿಗುತ್ತಿದ್ದುದೇ ಕಾರಣ. ಅಂಥ ಪ್ರತಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಆ ಪ್ರತಿಯ ಜೊತೆ ವೈರಸ್ ಹೊಕ್ಕು ಹಾರ್ಡ್ ಡಿಸ್ಕ್ ಕೆಟ್ಟರೆ, ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿಸಲಾಗದು.

ಫೋಟೊಶಾಪ್ ಬಿಡುವುದು ಸುಲಭವೂ ಅಲ್ಲ. ಮಟ ಮಟ ಮಧ್ಯಾಹ್ನ ಹಂಪಿಯ ಬಂಡೆಗಳ ನಡುವೆ ಜೋಡಿಯನ್ನು ನಿಲ್ಲಿಸಿ ತೆಗೆದ ಪ್ರಿ-ವೆಡ್ಡಿಂಗ್ ಚಿತ್ರದಲ್ಲಿ ಕಲ್ಲು ಬೆಳ್ಳಗೆ ಉರಿಯುತ್ತದೆ, ಮುಖ ಕಪ್ಪಿಡುತ್ತದೆ. ಅದನ್ನು ಹದಕ್ಕೆ ತರಲು ಡಾರ್ಕ್‌ಟೇಬಲ್‌ನಂಥ ಉಚಿತ ತಂತ್ರಾಂಶವೂ ಸಾಕು. ಕಟ್ಟಿಹಾಕುವುದು ಆಲ್ಬಂ. 12×36 ಇಂಚಿನ ಹಾಳೆಗಳ ರೆಡಿ ಟೆಂಪ್ಲೇಟ್‌ಗಳು ಹೆಚ್ಚಾಗಿ ಫೋಟೊಶಾಪ್‌ನ ಪಿಎಸ್‌ಡಿ ಕಡತಗಳು. ಅವನ್ನು ಉಚಿತ ತಂತ್ರಾಂಶವಾದ ಗಿಂಪ್‌ನಲ್ಲಿ ತೆರೆದರೆ ಪದರಗಳು, ಅಕ್ಷರಗಳು ಎಷ್ಟೋ ಸಲ ಜಾಗ ಬಿಟ್ಟು ಕದಲುತ್ತವೆ. ಅಫಿನಿಟಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಪಿಎಸ್‌ಡಿ ಸಾಕಷ್ಟು ಚೆನ್ನಾಗಿ ತೆರೆಯುತ್ತದೆ. ಆದರೆ ಎರಡನೇ ಆವೃತ್ತಿಯವರೆಗೂ ಅದಕ್ಕೆ ನಮ್ಮ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಆಲ್ಬಂನ ಮೊದಲ ಹಾಳೆಯಲ್ಲೇ ‘ಶ್ರೀ ವಿರೂಪಾಕ್ಷ ಪ್ರಸನ್ನ’ ಮುರಿದು ಬಿದ್ದರೆ ಗಿರಾಕಿಗೆ ಏನು ಹೇಳುವುದು? ಯೂನಿಕೋಡ್ ಬಿಟ್ಟು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್ ಬಳಸಿ ದಾಟಬೇಕಿತ್ತು. ಯಾವುದನ್ನೇ ಕೊಳ್ಳಿ, ಟ್ರಯಲ್ ಹಾಕಿಕೊಂಡು ಮೊದಲು ಈ ಸಾಲನ್ನು ಟೈಪ್ ಮಾಡಿ ನೋಡಿ.

ಒಂದೇ ಸಲ ಕೊಂಡದ್ದು ಸಾಯುವ ತನಕ ನಮ್ಮದೇ ಎಂದು ನಂಬುವುದೂ ತಪ್ಪು. ಹಳೆಯ ಆವೃತ್ತಿಯಾದ ಸಿಎಸ್2ನ ಆಕ್ಟಿವೇಶನ್ ಸರ್ವರ್‌ಗಳನ್ನು ಅಡೋಬಿ ನಿಲ್ಲಿಸಿದಾಗ ಕೊಂಡವರಿಗೆ ಬೇರೆ ವ್ಯವಸ್ಥೆ ಮಾಡಬೇಕಾಯಿತು. ಹೊಸ ಕ್ಯಾಮೆರಾ ತಂದರೆ ಅದರ ರಾ ಕಡತ ಹಳೆಯ ತಂತ್ರಾಂಶದಲ್ಲಿ ತೆರೆಯುವುದಿಲ್ಲ. ಅಡೋಬಿಯೇ ಉಚಿತವಾಗಿ ಕೊಡುವ ಡಿಎನ್‌ಜಿ ಕನ್ವರ್ಟರ್ ಬೇಕಾಗುತ್ತದೆ. ಅಫಿನಿಟಿಯನ್ನು 2024ರಲ್ಲಿ ಕ್ಯಾನ್ವಾ ಕಂಪನಿ ಕೊಂಡಿತು, 2025ರ ಅಕ್ಟೋಬರ್‌ನಲ್ಲಿ ಉಚಿತ ಮಾಡಿತು. ಖುಷಿಯೇ. ಆದರೆ ಉಚಿತ ಕೊಟ್ಟವರು ಷರತ್ತನ್ನೂ ಬದಲಿಸಬಹುದು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಚಿತ್ರಗಳದ್ದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಹಂಪಿಯನ್ನು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. 1980ರ ದಶಕದಲ್ಲಿ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದು ಹೋಲಿಸಲು ಸಾಧ್ಯವಾಯಿತು, ಏಕೆಂದರೆ ಆ ಕಾಗದ ನೋಡಲು ಯಾವ ತಂತ್ರಾಂಶ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಈಗ ಚಂದಾ ನಿಲ್ಲಿಸಿದರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರ ಕಾಣುತ್ತದೆ, ಎಕ್ಸ್‌ಪೋರ್ಟ್ ಕೂಡ ಆಗುತ್ತದೆ. ತಿದ್ದುವ ಡೆವಲಪ್ ವಿಭಾಗಕ್ಕೆ ಬೀಗ. ಆದ್ದರಿಂದ ಮದುವೆಯೊಂದು ಮುಗಿದ ಕೂಡಲೇ ರಾ ಜೊತೆಗೆ ತಿದ್ದಿದ ಚಿತ್ರದ ಟಿಫ್ ಅಥವಾ ಪೂರ್ಣ ಗಾತ್ರದ ಜೆಪೆಗ್ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಡಲೇಬೇಕು.

ಸಣ್ಣ ಸ್ಟುಡಿಯೋದವರಿಗೆ ನನ್ನ ಸಲಹೆ ಇದು. ದಿನನಿತ್ಯದ ಕೆಲಸವೆಲ್ಲ ಉಚಿತ ಅಥವಾ ಒಮ್ಮೆ ಕೊಂಡ ತಂತ್ರಾಂಶದಲ್ಲಿ ನಡೆಯಲಿ. ಆಲ್ಬಂ ಕೂರಿಸುವ ಒಂದು ಕಂಪ್ಯೂಟರ್‌ಗಷ್ಟೇ ಫೋಟೊಶಾಪ್ ಇರಲಿ, ಅದೂ ಆಲ್ಬಂ ಕೆಲಸವಿರುವ ತಿಂಗಳಲ್ಲಿ. ಸಹಿ ಹಾಕುವ ಮುನ್ನ ಒಂದು ವಿಷಯ ಗಮನಿಸಿ: ‘ತಿಂಗಳಿಗಿಷ್ಟು’ ಎಂದು ಕಾಣುವ ಅಗ್ಗದ ಪ್ಲಾನ್ ಹೆಚ್ಚಾಗಿ ವರ್ಷದ ಕರಾರು. ನಡುವೆ ಬಿಟ್ಟರೆ ದಂಡವಿದೆ. ಆ ದಂಡವನ್ನು ಗ್ರಾಹಕರಿಂದ ಮರೆಮಾಚಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಶಿಫಾರಸಿನ ಮೇರೆಗೆ ಅಲ್ಲಿನ ಸರ್ಕಾರ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ಮೊಕದ್ದಮೆ ಹೂಡಿತ್ತು. ಕರಾರಿಲ್ಲದ ಬಿಡಿ ತಿಂಗಳ ದರ ದುಬಾರಿ, ನಿಜ. ಪಂಚಾಂಗ ತೆಗೆದು, ಕೆಲಸವಿರುವ ತಿಂಗಳುಗಳನ್ನು ಎಣಿಸಿ, ಆ ದರದಿಂದ ಗುಣಿಸಿ. ಮೊತ್ತ ವರ್ಷದ ಚಂದಾಕ್ಕಿಂತ ಕಡಿಮೆ ಬಂದರೆ ಬಿಡಿಯೇ ಲೇಸು. ಹೆಚ್ಚಾದರೆ ವರ್ಷದ್ದನ್ನೇ ಹಾಕಿಸಿ, ಖರ್ಚನ್ನು ಆಲ್ಬಂ ದರದಲ್ಲಿ ಸೇರಿಸಿ ಕೇಳಿ.