ಟಾಟಾ ಬರೆದ ಕಾಗದ, ನಾವು ಬರೆದ ಡೈಲಾಗು

ತುಂಬಾ ದಿನ ಆಗಿತ್ತು ಇಲ್ಲಿ ಏನಾದರೂ ಗೀಚಿ. ಮೊನ್ನೆ ಸಾರವಾಡಕ್ಕೆ ಹೋದಾಗ ನನ್ನ ಮಾನ ಹೋಯಿತು, ಆದ್ದರಿಂದ ಬರೀತಾ ಇದೀನಿ :)

ಊರಿನ ಒಂದು ಕಾರ್ಯಕ್ರಮದಲ್ಲಿ ಹುಡುಗರಿಗೆ ನಾಲ್ಕು ಮಾತು ಹೇಳು ಅಂದರು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ನಮ್ಮ ಕಡೆ ಇನ್ನೂ ಅಷ್ಟು ಬೆಲೆ ಇದೆ. ನಾನೂ ಹುರುಪಿನಲ್ಲಿ ಆ ಪ್ರಸಿದ್ಧ ಕಥೆ ಬಿಟ್ಟೆ. 1893, ಹಡಗು, ಒಂದು ಕಡೆ ವಿವೇಕಾನಂದರು, ಇನ್ನೊಂದು ಕಡೆ ಜಮ್‌ಶೆಟ್‌ಜಿ ಟಾಟಾ. ಸ್ವಾಮೀಜಿ ಹೀಗಂದರು, ಟಾಟಾ ಕಣ್ಣಲ್ಲಿ ನೀರು ಬಂತು, ಅಲ್ಲೇ ಡೆಕ್ ಮೇಲೇ ಬೆಂಗಳೂರಿನ ವಿಜ್ಞಾನ ಸಂಸ್ಥೆ ಹುಟ್ಟಿತು... ಚಪ್ಪಾಳೆಯೋ ಚಪ್ಪಾಳೆ.

ಮುಗಿದ ಮೇಲೆ ಒಬ್ಬ ನಿವೃತ್ತ ಮಾಸ್ತರರು ಹತ್ತಿರ ಬಂದು ಕೇಳಿದರು, "ತಮ್ಮಾ, ಹಡಗದಾಗ ಅವರಿಬ್ಬರು ಮಾತಾಡಿದ್ದನ್ನ ಬರಕೊಂಡವರು ಯಾರು? ನೀ ಎಲ್ಲಿ ಓದಿದಿ?"

ನಾನು ಓದಿದ್ದು ವಾಟ್ಸಾಪ್‌ನಲ್ಲಿ. ಹೇಳೋಕೆ ಬಾಯಿ ಬರಲಿಲ್ಲ.

ವಾಪಸ್ ಬಂದ ಮೇಲೆ ಹುಡುಕಿ ಓದಿದೆ. ಡೈಲಾಗು ಎಲ್ಲೂ ಸಿಗಲಿಲ್ಲ, ಕಾಗದ ಸಿಕ್ಕಿತು. ಟಾಟಾ ಅದನ್ನು ಬರೆದದ್ದು 1898ರ ನವೆಂಬರ್ 23ರಂದು, ಮುಂಬಯಿಯಿಂದ. ಅಂದರೆ ಹಡಗಿನ ಪ್ರಯಾಣವಾಗಿ ಐದು ವರ್ಷದ ಮೇಲೆ. ಜಪಾನಿನಿಂದ ಷಿಕಾಗೋಗೆ ಹೋಗುವಾಗ ನಿಮ್ಮ ಸಹಪ್ರಯಾಣಿಕನಾಗಿದ್ದ ನನ್ನ ನೆನಪಿದೆ ಅಂದುಕೊಂಡಿದೀನಿ ಅಂತ ಶುರು. ಸನ್ಯಾಸಿಗಳ ತ್ಯಾಗಬುದ್ಧಿಯನ್ನು ಉಪಯುಕ್ತ ದಾರಿಗೆ ತಿರುಗಿಸಬೇಕು ಅನ್ನುವ ನಿಮ್ಮ ವಿಚಾರ ಈಗ ಬಹಳ ನೆನಪಾಗುತ್ತಿದೆ ಅನ್ನುತ್ತಾರೆ. ಆಮೇಲೆ ನೇರವಾಗಿ ಕೇಳಿಬಿಡುತ್ತಾರೆ: ಈ ಕೆಲಸಕ್ಕೆ ಜನರನ್ನು ಎಬ್ಬಿಸುವಂಥ ಒಂದು ಪುಸ್ತಿಕೆ ಬರೆದುಕೊಡಿ, ಪ್ರಕಟಣೆಯ ಖರ್ಚು ನನ್ನದು.

ಇಷ್ಟೇ. ಒಬ್ಬ ಸಿರಿವಂತ ಇನ್ನೊಬ್ಬರ ಬಳಿ ಸಹಾಯ ಕೇಳಿ ಬರೆದ ಪುಟ್ಟ ಕಾಗದ.

"ಆದರೂ ಸ್ಫೂರ್ತಿ ಬಂದದ್ದು ಹಡಗಿನಲ್ಲೇ ಅಲ್ವಾ?" ಅಂತ ಗೆಳೆಯನೊಬ್ಬ ವಾದಿಸಿದ. ಪ್ರಭಾವ ಇದ್ದದ್ದಕ್ಕೆ ಕಾಗದವೇ ಸಾಕ್ಷಿ, ನಾನು ಇಲ್ಲ ಅಂದಿಲ್ಲ. ಆದರೆ ತಾರೀಖು ನೋಡಿ ಸ್ವಾಮಿ. ಭಾರತದ ಹುಡುಗರು ವಿದೇಶದಲ್ಲಿ ಓದಲಿ ಅಂತ ಟಾಟಾ ನಿಧಿ ಇಟ್ಟದ್ದು 1892ರಲ್ಲಿ. ಹಡಗು ಹತ್ತುವ ಮೊದಲೇ! ಸಂಸ್ಥೆಯ ಯೋಜನೆಗಾಗಿ ಬುರ್ಜೋರ್ಜಿ ಪಾದಶಾ ಅನ್ನುವವರನ್ನು ಯೂರೋಪು, ಅಮೆರಿಕದ ವಿಶ್ವವಿದ್ಯಾಲಯಗಳನ್ನು ನೋಡಿಕೊಂಡು ಬರಲು ಕಳಿಸಿದರು. ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ತೆಗೆದಿಟ್ಟರು. ವೈಸರಾಯ್ ಕರ್ಜನ್, ಇಷ್ಟು ದೊಡ್ಡ ಸಂಸ್ಥೆಗೆ ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ, ಓದಿದವರಿಗೆ ಕೆಲಸ ಎಲ್ಲಿದೆ ಅಂತ ಅನುಮಾನಪಟ್ಟ. (ನಾನು ಇಂಜಿನಿಯರಿಂಗ್ ಸೇರಿದಾಗ ಊರ ಕಟ್ಟೆ ಮೇಲೆ ಕೇಳಿದ್ದೂ ಇದೇ ಪ್ರಶ್ನೆ!) ವಿವೇಕಾನಂದರು 1902ರಲ್ಲಿ ಹೋದರು. ಟಾಟಾ 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು, ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಹಡಗಿನಲ್ಲಿದ್ದ ಇಬ್ಬರೂ ಅದನ್ನು ನೋಡಲೇ ಇಲ್ಲ.

ಈಗ ಹೇಳಿ, ಯಾವ ಕಥೆ ದೊಡ್ಡದು?

"ಮಕ್ಕಳಿಗೆ ಸ್ಫೂರ್ತಿ ಸಿಕ್ಕರೆ ಸಾಕು, ಸುಳ್ಳೋ ನಿಜವೋ ಏನು?" ಅನ್ನುವವರ ಮೇಲೇ ನನ್ನ ಜಗಳ. ನಮ್ಮ ಡೈಲಾಗು ಕೇಳಿದ ಹುಡುಗ ಏನು ಕಲಿಯುತ್ತಾನೆ? ಒಬ್ಬ ಮಹಾತ್ಮ, ಒಬ್ಬ ಸಾಹುಕಾರ ಹಡಗಿನಲ್ಲಿ ಭೇಟಿಯಾದರೆ ಕೆಲಸ ಆಗುತ್ತೆ ಅಂತ. ನಮ್ಮ ಡೋಣಿ ಹೊಳೆಗೆ ಹಡಗು ಬರುತ್ತಾ? ಅದೇ ಕಾಗದ ಓದಿದ ಹುಡುಗ, ಕೇಳಬೇಕು, ಹೋಗಿ ನೋಡಿ ಬರಬೇಕು, ಅನುಮಾನ ಪಡುವವರನ್ನು ತಡಕೊಳ್ಳಬೇಕು, ನನ್ನ ಕಾಲಕ್ಕೆ ಮುಗಿಯದಿದ್ದರೂ ಶುರು ಮಾಡಬೇಕು ಅಂತ ಕಲಿಯುತ್ತಾನೆ. ಅದು ಸಾರವಾಡದಲ್ಲೂ ಆಗುವ ಕೆಲಸ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಬಗ್ ಹುಡುಕುವಾಗ ಲಾಗ್ ಫೈಲ್ ಬಿಟ್ಟು ಯಾರೋ ಬರೆದ ಕಾಮೆಂಟು ನಂಬುತ್ತೀವಾ?

ಟಾಟಾ ವಿದೇಶದಲ್ಲಿದ್ದಾಗಲೇ ಬರೆದ ಇನ್ನೊಂದು ಕಾಗದ ಇದೆ. 1902ರಲ್ಲಿ ಮಗ ದೊರಾಬ್‌ಗೆ ಬರೆದದ್ದು. ಉಕ್ಕಿನ ಕಾರ್ಖಾನೆಗೆ ಆಗಿನ್ನೂ ಜಾಗವೇ ಗೊತ್ತಾಗಿರಲಿಲ್ಲ. ಆದರೆ ಅಪ್ಪ ಬರೆಯುತ್ತಾನೆ: ಊರಿನ ರಸ್ತೆ ಅಗಲ ಇರಲಿ, ಬೇಗ ಬೆಳೆಯುವ ನೆರಳಿನ ಮರ ಹಾಕಿಸು, ಫುಟ್‌ಬಾಲ್ ಹಾಕಿ ಆಡಲು ಜಾಗ ಬಿಡು, ಗುಡಿ, ಮಸೀದಿ, ಚರ್ಚಿಗೂ ಜಾಗ ಗುರುತು ಮಾಡು. ದೇಶ ಸುತ್ತುವ ಸಾಹುಕಾರನಿಗೆ ನೆನಪಾದದ್ದು ಕೂಲಿಯವನ ತಲೆ ಮೇಲಿನ ನೆರಳು! ಏಪ್ರಿಲ್ ತಿಂಗಳಲ್ಲಿ ನಮ್ಮ ಎರೆ ಹೊಲದಲ್ಲಿ ನಡೆದವರಿಗೆ ಈ ಕಾಗದದ ಬೆಲೆ ಗೊತ್ತಾಗುತ್ತೆ. ನಾನಂತೂ ಇದನ್ನು ಯಾವ ವೇದಿಕೆ ಮೇಲೂ ಕೇಳಿಲ್ಲ. ಇದರಲ್ಲಿ ಕಣ್ಣೀರಿಲ್ಲ ನೋಡಿ.

ಬೆಂಗಳೂರಿನ ಸಂಸ್ಥೆಯ ಅಧಿಕೃತ ಹೆಸರಲ್ಲಿ ಟಾಟಾ ಇಲ್ಲ. ಆದರೂ ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಅಂಥ ಮನುಷ್ಯನಿಗೆ ನಾವು ಡೈಲಾಗು ಬರೆದುಕೊಡಬೇಕಾ? ಬರೆಯುವ ಗೆಳೆಯರಲ್ಲಿ ನನ್ನದೊಂದೇ ಕೇಳಿಕೆ. ಮುಂದಿನ ಸಲ ಆ ಹಡಗಿನ ಕಥೆ ಹಾಕುವಾಗ ಡೈಲಾಗು ಬಿಟ್ಟು ಕಾಗದ ಹಾಕಿ, ತಾರೀಖು ಸಮೇತ.

ಮುಂದಿನ ಸಲ ಊರಿಗೆ ಹೋಗುವಾಗ ಎರಡೂ ಕಾಗದ ಕನ್ನಡದಲ್ಲಿ ಬರೆದುಕೊಂಡು ಹೋಗ್ತೀನಿ. ಮೊದಲು ಮಾಸ್ತರರಿಗೆ, ಆಮೇಲೆ ಅದೇ ಹುಡುಗರಿಗೆ. ಅವತ್ತು ಹೇಳಿದ್ದು ತಪ್ಪು ಅಂತಲೂ ಹೇಳಬೇಕು. ಚಪ್ಪಾಳೆ ಬರುತ್ತೋ ಇಲ್ವೋ ಗೊತ್ತಿಲ್ಲ.

ಏನಂತೀರಿ?